ಉಜ್ವಾಡ ಅಂದದ್ದಕ್ಕೆ

ಚನಬಸಪ್ಪ ಮಾಸ್ತರರನ್ನು ಎರಡೂ ಕಣ್ಣಿಗೆ ಪಟ್ಟಿ ಕಟ್ಟಿ ನನ್ನ ಪಾಲಿನ ಮಂಚಕ್ಕೇ ತಂದು ಮಲಗಿಸಿದಾಗ, ದೇವರು ಇದ್ದಾನೆ ಅಂದುಕೊಂಡೆ.

ಅದು ಎಂಬತ್ತಮೂರನೆಯ ಇಸವಿ. ಹಳಿಯಾಳದ ಕಡೆಯ ನಮ್ಮೂರ ಶಾಲೆಯಲ್ಲೇ ಕಣ್ಣಿನ ಕ್ಯಾಂಪು ನಡೆದಿತ್ತು. ಪೊರೆ ತೆಗೆಸಿಕೊಂಡವರಿಗೆ ಗಂಜಿ ಕುಡಿಸುವುದು, ಕೈ ಹಿಡಿದು ಹೊರಗೆ ಕರೆದೊಯ್ಯುವುದು ನನ್ನ ಕೆಲಸ.

ಆ ಕೋಣೆ ನನಗೆ ಹೊಸದಲ್ಲ. ಇಪ್ಪತ್ತು ವರ್ಷದ ಹಿಂದೆ, ಒಂದನೆಯ ಇಯತ್ತೆಯಲ್ಲಿ, ಸೂರ್ಯ ನಮಗೆ ಏನು ಕೊಡುತ್ತಾನೆ ಎಂದು ಇದೇ ಮಾಸ್ತರರು ಇಲ್ಲೇ ಕೇಳಿದ್ದರು. ನಾನು ಎದ್ದು ‘ಉಜ್ವಾಡ’ ಅಂದೆ. ನಮ್ಮ ಸಿದ್ದಿಗಳ ಮನೆಯ ಕೊಂಕಣಿಯಲ್ಲಿ ಬೆಳಗಾದರೂ ಉಜ್ವಾಡ, ಚಿಮಣಿ ಹಚ್ಚಿದರೂ ಉಜ್ವಾಡ. ಬೇರೆ ಹೆಸರು ನನಗೆ ಗೊತ್ತಿರಲಿಲ್ಲ.

“ಅಡವಿ ಮಾತು ಅಡವ್ಯಾಗ ಇಟ್ಟು ಬಾ!” ಎಂದು ಅಂಗೈಗೆ ಬೆತ್ತದಿಂದ ಹೊಡೆದರು. ಬೆಳಕು ಅನ್ನುವ ತನಕ ಬಾಗಿಲ ಹೊರಗೆ ನಿಲ್ಲಿಸಿದರು. ನಾನು ಅನ್ನಲಿಲ್ಲ. ಸಂಜೆ ಮನೆಗೆ ಹೋದವಳು ಮತ್ತೆ ಶಾಲೆಗೆ ಬರಲಿಲ್ಲ. ಇವತ್ತಿಗೂ ಹೆಬ್ಬೆಟ್ಟು ಒತ್ತುತ್ತೇನೆ.

ಮಾಸ್ತರರಿಗೆ ನನ್ನ ಗುರುತು ಸಿಗಲಿಲ್ಲ. ನಾಲ್ಕು ದಿನ ‘ತಂಗಿ, ತಂಗಿ’ ಎಂದು ಕರೆದರು. ಬೇಕೆಂದೇ ತಡಮಾಡಿ ಹೋಗುತ್ತಿದ್ದೆ. ಆದರೂ ಸಿಟ್ಟು ಇಳಿಯಲಿಲ್ಲ.

ಐದನೆಯ ದಿನ ಡಾಕ್ಟರು ಪಟ್ಟಿ ಬಿಚ್ಚಿದರು.

“ಬೆಳಕು ಕಾಣಾಕತ್ತೈತಿ ತಂಗಿ!” ಎಂದು ಮುದುಕರು ಅತ್ತೇಬಿಟ್ಟರು.

“ಅದಕ್ಕ ನಮ್ಮ ಮನ್ಯಾಗ ಉಜ್ವಾಡ ಅಂತೇವ್ರಿ,” ಅಂದೆ.

ಬೆಚ್ಚಿಬೀಳುತ್ತಾರೆ ಎಂದು ಕಾದೆ. ಮುದುಕರು ನಕ್ಕರು!

“ಉಜ್ವಾಡ... ಭಾಳ ಚಂದ ಐತಲ್ಲ. ಉಜ್ವಲ ಅಂತೇವಲ್ಲ, ಅದರಿಂದ ಬಂದದ್ದು. ಸಂಸ್ಕೃತದ ಮೂಲ. ಇಂಥಾ ಚಲೋ ಶಬ್ದ ಯಾರು ಕಲಿಸ್ಯಾರ ನಿನಗ?”

ನನ್ನ ಮೈಯೆಲ್ಲ ಉರಿಯಿತು. ನನ್ನ ಓದನ್ನು ನುಂಗಿದ ಮನುಷ್ಯನಿಗೆ ಅದರ ನೆನಪೂ ಇರಲಿಲ್ಲ.

“ನಮ್ಮವ್ವ ಕಲಿಸ್ಯಾಳ್ರಿ. ನೀವು ಬಡದು ಬಿಡಿಸಾಕ ನೋಡಿದ್ರಿ. ನಾ ಕಾತರಿನಾ, ಇನಾಸನ ಮಗಳು.”

ಅವರ ನಗು ಅಲ್ಲೇ ನಿಂತಿತು. “ತಪ್ಪಾತವ್ವಾ,” ಎಂದು ಕೈ ಚಾಚಿದರು. ನಾನು ಹಿಡಿಯಲಿಲ್ಲ. ಡಾಕ್ಟರು ಔಷಧ ಹಾಕಿ ಮತ್ತೆ ಪಟ್ಟಿ ಕಟ್ಟಿ ಹೋದರು.

ಸಂಜೆ ಮಾಸ್ತರರನ್ನು ಹೊರಗೆ ಕರೆದೊಯ್ಯಬೇಕಾಯಿತು. ಬರುವಾಗ ಬಾಗಿಲ ಹೊರಗೆ, ನಾನು ನಿಂತಿದ್ದ ಜಾಗದಲ್ಲೇ, ಅವರ ಕೈ ಬಿಟ್ಟೆ.

“ಅನ್ನೂ ತನಕಾ ಇಲ್ಲೇ ನಿಂದರ್ರಿ.”

ಏನು ಅನ್ನಬೇಕೆಂದು ಅವರು ಕೇಳಲಿಲ್ಲ. “ಉಜ್ವಾಡ,” ಅಂದರು. ನಾನು ಒಳಗೆ ಹೋಗಿ ಗಂಜಿಯ ತಟ್ಟೆಗಳನ್ನು ಒಟ್ಟುಮಾಡತೊಡಗಿದೆ. “ಉಜ್ವಾಡ,” ಮತ್ತೆ ಅಂದರು, ಈ ಸಲ ಇನ್ನೂ ಗಟ್ಟಿಯಾಗಿ.

ಅವನ್ನೆಲ್ಲ ತೊಳೆದು ಮುಗಿಸಿದ ಮೇಲೆಯೇ ಹೋಗಿ ಅವರ ಕೈ ಹಿಡಿದೆ.