ಗೋದಲಿಯ ಗುಂಡುಕಲ್ಲು

ಡಿಸೆಂಬರ್ ಬಂತೆಂದರೆ ಕೆಳಮನೆಯ ಆರೋಗ್ಯಮ್ಮ ಒಂದು ಸ್ಟೀಲ್ ಬಟ್ಟಲು ಹಿಡಿದು ಮೆಟ್ಟಿಲು ಹತ್ತಿ ಬರುವುದು ವಾಡಿಕೆ. "ಓನರಮ್ಮ, ಎರಡು ಹಿಡಿ ರಾಗಿ ಕೊಡಿ." ಮೊದಲ ಸಲ ಕೇಳಿದಾಗ ದ್ರೌಪದಮ್ಮನಿಗೆ ನಗು ತಡೆಯಲಾಗಿರಲಿಲ್ಲ. "ಇಷ್ಟ್ರಲ್ಲಿ ಎಷ್ಟ್ ಮುದ್ದೆ ಆಯ್ತದೆ ಸಿಸ್ಟರಮ್ಮ? ಗುಬ್ಬಚ್ಚಿಗೆ ಇಕ್ತೀರಾ?" ಎಂದಿದ್ದಳು. ಕ್ರಿಸ್ಮಸ್ ಮಧ್ಯಾಹ್ನ ಕೇಕು ತಿನ್ನಲು ಕೆಳಗಿಳಿದಾಗ ಗೊತ್ತಾಯಿತು. ಆರೋಗ್ಯಮ್ಮ ತಟ್ಟೆಗಳಲ್ಲಿ ಮಣ್ಣು ಹರಡಿ ರಾಗಿ ಚೆಲ್ಲಿ, ಪೈರು ಬೆರಳುದ್ದ ಬಂದ ಮೇಲೆ ಅದನ್ನು ಗೋದಲಿಯ ಸುತ್ತ ಹುಲ್ಲುಗಾವಲಿನಂತೆ ಜೋಡಿಸಿದ್ದಳು. ಗೋದಲಿ ಎಂದರೆ ಯೇಸು ಹುಟ್ಟಿದ ದನದ ಕೊಟ್ಟಿಗೆ. ಹುಲ್ಲಿನ ಮಾಡು, ಕಂದು ಕಾಗದ ಮುದುರಿ ಮಾಡಿದ ಬೆಟ್ಟ, ಕನ್ನಡಿ ಚೂರಿನ ಕೆರೆ, ಗೇಣುದ್ದದ ಗೊಂಬೆಗಳು. ಅದು ಬಿಟ್ಟರೆ ಬಾಗಿಲಿಗೊಂದು ಕಾಗದದ ನಕ್ಷತ್ರ. ಆ ಮನೆಯ ಹಬ್ಬದ ಅಲಂಕಾರ ಅಷ್ಟೇ.

ದ್ರೌಪದಮ್ಮನಿಗೆ ಅದರಲ್ಲಿ ಹಿಡಿಸಿದ್ದು ಪೈರು. ಅವರ ಮೂರಂತಸ್ತಿನ ಮನೆ ನಿಂತಿರುವುದೇ ಅವಳ ಮಾವನ ರಾಗಿ ಹೊಲದ ಮೇಲೆ. ಈಗ ಕೊಡಿಗೇಹಳ್ಳಿಯಲ್ಲಿ ರಾಗಿ ಪೈರು ನೋಡಬೇಕೆಂದರೆ ಆರೋಗ್ಯಮ್ಮನ ತಟ್ಟೆಯಲ್ಲೇ ನೋಡಬೇಕು.

ಈ ವರ್ಷ ಬಟ್ಟಲು ಮೇಲೆ ಬರಲಿಲ್ಲ. ಬರುವುದಾದರೂ ಹೇಗೆ? ಆರೋಗ್ಯಮ್ಮ ಹೆಬ್ಬಾಳದ ಆಸ್ಪತ್ರೆಯಲ್ಲಿ, ದ್ರೌಪದಮ್ಮನ ಸೊಸೆ ಪದ್ಮಶ್ರೀಯ ಮಂಚದ ಪಕ್ಕ ಕೂತಿದ್ದಳು.

ಪದ್ಮಶ್ರೀಗೆ ಏಳು ತಿಂಗಳು. ಹಿಂದೆ ಎರಡು ಸಲ ಬಸುರು ನಿಲ್ಲದೆ ಹೋಗಿತ್ತು. ಈ ಸಲ ನಿಂತಿತು ಎಂದು ಎಲ್ಲರೂ ಉಸಿರು ಬಿಡುವಷ್ಟರಲ್ಲಿ ಒಂದು ಬೆಳಿಗ್ಗೆ ಬಚ್ಚಲಲ್ಲಿ ರಕ್ತ ಕಂಡು ಕೂಗಿಕೊಂಡಳು. ದ್ರೌಪದಮ್ಮ ಎದೆ ಬಡಿದುಕೊಂಡು ಬೀದಿಯನ್ನೇ ಎಬ್ಬಿಸಿದಳು. ಕೆಲಸಕ್ಕೆ ಒದಗಿದವಳು ಆರೋಗ್ಯಮ್ಮ. ಹೆರಿಗೆ ವಾರ್ಡಿನಲ್ಲಿ ನರ್ಸಾಗಿದ್ದು ನಿವೃತ್ತಳಾದ ಹೆಂಗಸು. ಹುಡುಗಿಯನ್ನು ಎಡಮಗ್ಗುಲಿಗೆ ಮಲಗಿಸಿ, ಗರಬಡಿದವನಂತೆ ನಿಂತಿದ್ದ ಅವಳ ಗಂಡ ಬಾಲರಾಜುವನ್ನು ಗದರಿಸಿ ಆಂಬುಲೆನ್ಸ್ ಕರೆಸಿ, ನೈಟಿ ಮೇಲೊಂದು ಶಾಲು ಹೊದ್ದು, ಕೈಚೀಲ ಕಂಕುಳಿಗೆ ಸಿಕ್ಕಿಸಿಕೊಂಡು ಹಾಗೇ ಹತ್ತಿಬಿಟ್ಟಳು. ಮಾಸು ಗರ್ಭದ ಬಾಯಿಯ ಹತ್ತಿರ ಕೂತಿದೆ, ಹುಡುಗಿ ಅಲುಗಾಡಬಾರದು ಎಂದರು ಡಾಕ್ಟರು. ತಾಯಿಯಿಲ್ಲದ ಪದ್ಮಶ್ರೀ ಆರೋಗ್ಯಮ್ಮನ ಕೈ ಬಿಡಲಿಲ್ಲ. ಆರೋಗ್ಯಮ್ಮ ಅಲ್ಲೇ ಉಳಿದುಬಿಟ್ಟಳು.

ದ್ರೌಪದಮ್ಮ ಆಸ್ಪತ್ರೆಗೆ ಹೋದದ್ದು ಒಂದೇ ಸಲ. ಮಂಚದ ಪಕ್ಕ ಕೂತವಳೇ ಹಿಂದಿನ ಎರಡು ಸಲ ಏನೇನಾಗಿತ್ತು ಎಂದು ಬುಡದಿಂದ ಶುರು ಮಾಡಿದಳು. ಆರೋಗ್ಯಮ್ಮ ರಟ್ಟೆ ಹಿಡಿದು ಹೊರಗೆ ಕರೆತಂದಳು.

"ಓನರಮ್ಮ, ಬೇಜಾರ್ ಮಾಡ್ಕೋಬೇಡಿ. ನೀವು ಬಾಯಿ ತೆಗೆದ್ರೆ ಅವಳ ಬಿಪಿ ಏರುತ್ತೆ. ಮನೇಲಿರಿ. ನಾನು ದಿನಾ ಫೋನ್ ಮಾಡ್ತೀನಿ."

"ನಾನ್ ಅವ್ಳ್ ಅತ್ತೆ ಕಣ್ರೀ!"

"ಅದಕ್ಕೇ ಹೇಳಿದ್ದು."

ಬೇರೆ ಯಾರಾದರೂ ಅಂದಿದ್ದರೆ ದ್ರೌಪದಮ್ಮ ಅವರ ಏಳು ತಲೆಮಾರು ಜಾಲಾಡಿಬಿಡುತ್ತಿದ್ದಳು. ಆರೋಗ್ಯಮ್ಮನ ಮಾತಿಗೆ ಎದುರಾಡದೆ ಬಸ್ಸು ಹತ್ತಿದಳು. ಮನೆಗೆ ಬಂದರೆ ಕೈ ಕಟ್ಟಿಹಾಕಿದಂತೆ. ಮುದ್ದೆಗೆಂದು ಡಬ್ಬದ ಮುಚ್ಚಳ ತೆಗೆದಾಗ ಕೈ ಅಲ್ಲೇ ನಿಂತಿತು.

"ಅಯ್ಯೋ ಶಿವನೇ, ಸಿಸ್ಟರಮ್ಮ ರಾಗಿ ಕೇಳಕ್ಕೇ ಬರ್ಲಿಲ್ಲ! ನಮ್ ಮನೆ ಕೂಸು ಕಾಯ್ಕೊಂಡು ಅವ್ರ್ ಅಬ್ಬಾನೇ ಬಿಟ್ಟು ಕುಂತವ್ರೆ!"

ಆವತ್ತೇ ತೀರ್ಮಾನವಾಯಿತು. ಕೆಳಮನೆಯ ಬೀಗದ ಕೈ ಅವಳ ಹತ್ತಿರವೇ ಇತ್ತು. ಆರೋಗ್ಯಮ್ಮ ಬರುವ ಹೊತ್ತಿಗೆ ಮನೆ ಹಬ್ಬದ ಮನೆಯಾಗಿರಬೇಕು, ಮತ್ತು ಅವಳಿಗೆ ಸುಳಿವು ಸಿಗಬಾರದು. ಜಕ್ಕೂರಿನ ಕಡೆ ಹಸು ಸಾಕಿದವರಿಂದ ಕೊಟ್ಟಿಗೆ ಗೊಬ್ಬರ ತರಿಸಿ, ಮಣ್ಣಿಗೆ ಕಲೆಸಿ, ತಟ್ಟೆಗಳಿಗೆ ತುಂಬಿ ರಾಗಿ ಚೆಲ್ಲಿದಳು. ಮೂರನೇ ಬೆಳಿಗ್ಗೆ ಹಸಿರು ಸೂಜಿಗಳು ಎದ್ದಿದ್ದನ್ನು ಕಂಡು ಅಲ್ಲೇ ಕುಕ್ಕರಗಾಲಲ್ಲಿ ಕೂತು ಬಹಳ ಹೊತ್ತು ನೋಡಿದಳು. ಅವಳ ಕೈಯಲ್ಲಿ ಪೈರು ಎದ್ದು ಎಷ್ಟೋ ವರ್ಷವಾಗಿತ್ತು.

ಇನ್ನು ಅಲಂಕಾರ. ಅಲ್ಲಿ ಜಗಳ ಶುರುವಾಯಿತು.

ಬಾಲರಾಜುವಿಗೆ ಪೇಂಟ್ ಅಂಗಡಿ. ಹೊಸ ಅಪಾರ್ಟ್‌ಮೆಂಟುಗಳನ್ನೆಲ್ಲ ಒಳಹೊಕ್ಕು ನೋಡಿದವನು. ಹತ್ತಿಯ ಸುರುಳಿ, ಬೆಳ್ಳಿ ಬಣ್ಣದ ಚೆಂಡು, ಬಿಳಿ ಬಳಿದ ಒಣಕಡ್ಡಿ ಎಲ್ಲ ಹೊತ್ತು ತಂದ.

"ವೈಟ್ ಅಂಡ್ ಸಿಲ್ವರ್ ಥೀಮಮ್ಮ. ಈಗ ಎಲ್ಲಾ ಕಡೆ ಇದೇ."

"ಅಬ್ಬದ್ ಮನೆಗೆ ಬಿಳೀದ್ ಆಕ್ತಾರೇನೋ? ಯಾರ್ ಸತ್ತವ್ರೆ?"

"ಅದು ಸ್ನೋ ಕಣಮ್ಮ, ಮಂಜು."

"ಕೊಡಿಗೇಹಳ್ಳೀಲಿ ಯಾವತ್ತ್ ಬಿದ್ದಿತ್ತೋ ಮಂಜು?"

"ನೀನ್ ಕಟ್ತಿರೋ ಮಾವಿನ್ ಸೊಪ್ಪು ಬೆತ್ಲೆಹೇಮಲ್ಲಿ ಬೆಳೀತಿತ್ತಾ?"

ದ್ರೌಪದಮ್ಮನಿಗೆ ಗೊತ್ತಿದ್ದ ಅಲಂಕಾರ ಒಂದೇ: ಬಾಳೆಕಂದು, ಮಾವಿನ ತೋರಣ, ಚೆಂಡುಹೂವಿನ ಮಾಲೆ, ಹೊಸ್ತಿಲಿಗೆ ರಂಗೋಲಿ. ಗೌರಿ ಬಂದರೂ ಅದೇ, ಗೃಹಪ್ರವೇಶಕ್ಕೂ ಅದೇ. ಯೇಸಪ್ಪ ಬಂದರೆ ಬೇರೆ ಯಾಕೆ?

ಅಷ್ಟರಲ್ಲಿ ಗಂಡ ಮುನಿವೆಂಕಟಯ್ಯ ಆಟೋದಲ್ಲಿ ಬಂದಿಳಿದ. ವರ್ಷ ವರ್ಷ ಬೀದಿಯ ಅಣ್ಣಮ್ಮ ದೇವಿಯ ಉತ್ಸವಕ್ಕೆ ಲೈಟು ಕಟ್ಟಿಸುವ ಯಜಮಾನ ಅವನೇ. "ಇಬ್ರೂ ಬಾಯ್ ಮುಚ್ಕಳಿ. ಲೈಟ್ ಇಲ್ದಿದ್ ಮ್ಯಾಲೆ ಅದೆಂಥ ಅಬ್ಬ?" ಎಂದು ಎರಡು ದೊಡ್ಡ ಲೈಟ್ ಬೋರ್ಡು ಇಳಿಸಿದ. ಲೈಟಿನವನ ಹತ್ತಿರ ಇದ್ದವೆಲ್ಲ ದೇವರ ಬೋರ್ಡುಗಳಂತೆ. ಇದ್ದುದರಲ್ಲಿ ಯಾರಿಗೂ ಬೇಜಾರಾಗದ್ದು ಎಂದು ಬಾಲ ಬಿಚ್ಚಿ ಮುಚ್ಚುವ ಜೋಡಿ ನವಿಲು ಆರಿಸಿಕೊಂಡು ಬಂದಿದ್ದ.

ಕೊನೆಗೆ ಆಸ್ತಿ ಪಾಲು ಮಾಡಿದಂತೆ ಮನೆ ಪಾಲು ಮಾಡಿದರು. ಗೇಟು ಅಪ್ಪನಿಗೆ, ಬಾಗಿಲು ಅಮ್ಮನಿಗೆ, ಒಳಗಿನ ಹಾಲ್ ಮಗನಿಗೆ. ಹಾಲಿನ ಮೂಲೆಯ ಗೋದಲಿ ಮಾತ್ರ ಆರೋಗ್ಯಮ್ಮ ಇಡುತ್ತಿದ್ದ ಹಾಗೇ ಇರಬೇಕು, ಒಂದು ಕೂದಲೆಳೆ ಆಚೀಚೆಯಾಗಬಾರದು ಎಂದು ದ್ರೌಪದಮ್ಮ ಹುಕುಂ ಮಾಡಿದಳು.

ಸಜ್ಜೆಯ ಮೇಲಿಂದ ಗೊಂಬೆಗಳ ಪೆಟ್ಟಿಗೆ ಇಳಿಯಿತು. ಕಾಗದ ಬಿಚ್ಚಿದಂತೆಲ್ಲ ಒಬ್ಬೊಬ್ಬರೇ ಹೊರಬಂದರು: ತಾಯಿ ಮರಿಯಮ್ಮ, ಜೋಸೆಫಪ್ಪ, ಕುರುಬರು, ಕುರಿಗಳು, ಎತ್ತು, ಕತ್ತೆ, ಮೂವರು ರಾಜರು, ಕಿವಿ ಮುರಿದ ಒಂಟೆ. ಹುಲ್ಲು ಹಾಸಿದ ಪುಟ್ಟ ತೊಟ್ಟಿಲೂ ಬಂತು.

ಕೂಸು ಬರಲಿಲ್ಲ.

ಪೆಟ್ಟಿಗೆ ಬೋರಲು ಹಾಕಿದರು. ಕಾಗದವನ್ನೆಲ್ಲ ಕೊಡವಿದರು. ಬಾಲರಾಜು ಸಜ್ಜೆಗೆ ಹತ್ತಿ ಟಾರ್ಚು ಬಿಟ್ಟ. ಮುನಿವೆಂಕಟಯ್ಯ ಮಂಚದ ಕೆಳಗೆ ನುಗ್ಗಿ ಧೂಳು ಮೆತ್ತಿಕೊಂಡು ಎದ್ದ. ಇಲ್ಲ. ತಾಯಿ ತಂದೆ ಇಬ್ಬರೂ ತಲೆ ಬಗ್ಗಿಸಿ ಬರಿಯ ಹುಲ್ಲು ನೋಡುತ್ತ ನಿಂತಿದ್ದರು.

ಅದೇ ಸಂಜೆ ಆಸ್ಪತ್ರೆಯಿಂದ ಫೋನು. "ಓನರಮ್ಮ, ಬ್ಲೀಡಿಂಗ್ ನಿಂತಿದೆ. ಹೀಗೇ ಇದ್ರೆ ಹಬ್ಬದ ದಿನ ಬೆಳಿಗ್ಗೆ ಕಳಿಸ್ತಾರಂತೆ. ಆದ್ರೆ ಮೆಟ್ಟಿಲು ಹತ್ತೋ ಹಾಗಿಲ್ಲ. ಹೆರಿಗೆ ಆಗೋ ತನಕ ನನ್ನ ಮನೇಲೇ ಇರ್ಲಿ. ಹಾಲಲ್ಲಿ ಒಂದು ಮಂಚ ಹಾಕ್ಸಿಡಿ."

ಹಾಲಲ್ಲಿ! ಖಾಲಿ ತೊಟ್ಟಿಲಿನ ಎದುರಿಗೆ!

ದ್ರೌಪದಮ್ಮ ಫೋನಿಟ್ಟು ಗೋದಲಿಯ ಮೂಲೆಗೆ ತಿರುಗಿದಳು. ಪದ್ಮಶ್ರೀಯ ಮೊದಲ ಬಸುರಿನಲ್ಲಿ ಬಾಲರಾಜು ಆಸೆ ತಡೆಯಲಾರದೆ ತೊಟ್ಟಿಲು ತಂದು ಮುಂಚೆಯೇ ತೂಗುಹಾಕಿದ್ದ. ಖಾಲಿ ತೊಟ್ಟಿಲು ತೂಗಬಾರದು ಕಣೋ ಎಂದು ದ್ರೌಪದಮ್ಮ ಬಡಿದುಕೊಂಡಿದ್ದಳು. ಆ ತೊಟ್ಟಿಲು ಖಾಲಿಯೇ ಇದ್ದು ಖಾಲಿಯೇ ಇಳಿಯಿತು. ಅದು ಅವಳ ಎದೆಯಲ್ಲಿ ಮುಳ್ಳಿನ ಹಾಗೆ ಕೂತಿತ್ತು. ಈಗ ನೋಡಿದರೆ, ಸಿಂಗಾರ ಮಾಡಿದ ಮನೆಯ ಮಧ್ಯೆ ಇನ್ನೊಂದು.

"ಸಿಸ್ಟರಾಂಟೀನೇ ಕೇಳ್ಬಿಡೋಣಮ್ಮ, ಕೂಸೆಲ್ಲಿಟ್ಟಿದ್ದೀರಾ ಅಂತ," ಎಂದ ಬಾಲರಾಜು.

"ಏನಂತ ಏಳ್ಲಿ? ನಮ್ ಕೂಸ್ ಉಳ್ಸಕ್ ಓಗಿ ಕುಂತವ್ರಿಗೆ, ನಿಮ್ ಕೂಸ್ ಕಳೆದಾಕ್ಬಿಟ್ವಿ ಅಂತ ಏಳ್ಲಾ?"

ಮಾರನೆಯ ದಿನ ಅವನು ಯಲಹಂಕ ಪೂರ್ತಿ ಸುತ್ತಿ ಒಂದು ಪ್ಲಾಸ್ಟಿಕ್ ಕೂಸು ತಂದ. ಅದು ಒಂಟೆಗಿಂತ ದೊಡ್ಡದಿತ್ತು. ಹೊಟ್ಟೆ ಒತ್ತಿದರೆ ಕಿರುಚುತ್ತಿತ್ತು.

"ಯಾರ್ ಮಗೀನೋ ತಂದು ಆ ತಾಯಿ ಮುಂದೆ ಮಲಗಿಸ್ತೀಯಾ? ತಗಂಡೋಗೋ ಅತ್ಲಾಗೆ!"

ಹಾಗೆ ಬೈಯುತ್ತಿದ್ದವಳಿಗೆ ಥಟ್ಟನೆ ಹೊಳೆಯಿತು. ಮೇಲೆ ಹೋಗಿ ಅಡುಗೆಮನೆಯ ಮೂಲೆಯಿಂದ ಬಾಣಂತಿ ಔಷಧಿ ಅರೆಯುವ ಪುಟ್ಟ ಗುಂಡುಕಲ್ಲು ತಂದಳು. ನಿಂಬೆಹಣ್ಣಿನಷ್ಟಿತ್ತು, ಅರೆದು ಅರೆದು ನುಣುಪಾಗಿತ್ತು. ಹೆಸರಿಡುವ ದಿನ ಕೂಸಿಗಿಂತ ಮೊದಲು ತೊಟ್ಟಿಲಿಗೆ ಗುಂಡುಕಲ್ಲು ಮಲಗಿಸುವುದು ಅವರ ಮನೆಯ ಪದ್ಧತಿ. ಕೂಸು ಕಲ್ಲಿನ ಹಾಗೆ ಗಟ್ಟಿಯಾಗಲಿ ಎಂದು. ಬಾಲರಾಜುವಿಗಿಂತ ಮೊದಲು ತೊಟ್ಟಿಲಲ್ಲಿ ಮಲಗಿದ್ದು ಇದೇ ಕಲ್ಲು. ತೊಳೆದಳು. ಅರಿಶಿನ ಕುಂಕುಮ ಹಚ್ಚಲು ಹೋದವಳು, ಇದು ಸಿಸ್ಟರಮ್ಮನ ಮನೆ ಎಂದು ಕೈ ತಡೆದಳು. ಹಳೆಯ ಪಂಚೆಯ ಮೆತ್ತನೆ ಚೂರಿನಲ್ಲಿ, ಆಸ್ಪತ್ರೆಯಲ್ಲಿ ನರ್ಸುಗಳು ಕೂಸನ್ನು ಸುತ್ತುವ ಹಾಗೆ ಸುತ್ತಿ ಹುಲ್ಲಿನ ಮೇಲೆ ಮಲಗಿಸಿದಳು.

"ಯೇಸಪ್ಪಾ, ನೀನ್ ಎಲ್ಲಿದ್ದೀಯೋ ನಂಗೊತ್ತಿಲ್ಲ. ನೀನ್ ಬರೋಗಂಟ ಇದು ಇರ್ಲಿ. ನಮ್ ಉಡ್ಗೀನ ಒಂದ್ ನೋಡ್ಕೊ," ಎಂದಳು.

ಕ್ರಿಸ್ಮಸ್ ಬೆಳಿಗ್ಗೆ ಬಾಲರಾಜು ಹೆಂಡತಿಯನ್ನು ಕಾರಿನಲ್ಲಿ ಕರೆತಂದ. ಮೊದಲು ಇಳಿದ ಆರೋಗ್ಯಮ್ಮ ಗೇಟಿನಲ್ಲೇ ನಿಂತಳು. ಹಗಲು ಹೊತ್ತಿನಲ್ಲೂ ನವಿಲುಗಳು ಬಾಲ ಬಿಚ್ಚುತ್ತಿದ್ದವು. ಬಾಗಿಲಿಗೆ ಬಂದಳು, ಬಾಳೆಕಂದು. ಒಳಗೆ ಕಾಲಿಟ್ಟಳು, ಮೊಣಕಾಲೆತ್ತರ ಹತ್ತಿ.

"ಗೇಟಲ್ಲಿ ಅಣ್ಣಮ್ಮ, ಬಾಗಿಲಲ್ಲಿ ಗೌರಿ, ಒಳಗೆ ಫ್ರಿಜ್ಜು! ನನ್ನ ಮನೆ ಎಲ್ಲಿ ಓನರಮ್ಮ?"

"ಅದೋ, ಮೂಲೇಲೈತೆ," ಎಂದಳು ದ್ರೌಪದಮ್ಮ, ಅಂದವಾಗಿದೆಯೋ ಇಲ್ಲವೋ ಎಂದು ಅವಳ ಮುಖವನ್ನೇ ನೋಡುತ್ತ.

ಪದ್ಮಶ್ರೀಯನ್ನು ಮಂಚದ ಮೇಲೆ ಒರಗಿಸಿ ಆರೋಗ್ಯಮ್ಮ ಮೂಲೆಗೆ ಹೋದಳು. ಗೊಬ್ಬರ ಕುಡಿದ ರಾಗಿ ಗೇಣಿಗೆ ಹತ್ತಿರ ಎದ್ದಿತ್ತು. ರಾಜರ ಕಿರೀಟ ಮಾತ್ರ ಕಾಣುತ್ತಿತ್ತು.

"ಕುರಿ ಎಲ್ಲಿ?"

"ಪೈರೊಳಗವೆ."

"ಗೊಬ್ಬರ ಹಾಕಿದ್ರಾ?"

"ಆಕ್ದೆ ಬೆಳೆ ಬತ್ತದಾ?"

ನಗುತ್ತ ಪೈರು ಸರಿಸಿದ ಆರೋಗ್ಯಮ್ಮನ ಕೈ ತೊಟ್ಟಿಲ ಹತ್ತಿರ ನಿಂತಿತು. ಬಟ್ಟೆಯ ತುದಿ ಎತ್ತಿ ನೋಡಿದಳು. ನಗು ಹೋಯಿತು.

ದ್ರೌಪದಮ್ಮ ಒಂದೇ ಉಸಿರಿಗೆ ಎಲ್ಲ ಒದರಿದಳು. ಕೂಸು ಸಿಗದೆ ಹೋದದ್ದು, ಮೂರು ಜನ ಮನೆಯೆಲ್ಲ ಜಾಲಾಡಿದ್ದು, ಖಾಲಿ ತೊಟ್ಟಿಲು, ಬಸುರಿ ಹುಡುಗಿ, ಬಾಲರಾಜು ಮಲಗಿದ್ದ ತೊಟ್ಟಿಲಿನದೇ ಕಲ್ಲು. "ತಪ್ಪಾಗಿದ್ರೆ ಬೈದ್ಬಿಡಿ ಸಿಸ್ಟರಮ್ಮ. ಮನಸ್ಸಲ್ ಇಟ್ಕಬ್ಯಾಡಿ."

"ನಮ್ಮಲ್ಲಿ ಹಬ್ಬದ ಹಿಂದಿನ ರಾತ್ರಿ ತನಕ ಅದನ್ನ ಖಾಲಿನೇ ಬಿಡೋದು ಓನರಮ್ಮ. ಕೂಸು ಹುಟ್ಟೋ ಮುಂಚೆ ಹೇಗೆ ಮಲಗಿಸೋದು?"

"ಅಷ್ಟ್ ದಿನ ಖಾಲಿ ನೋಡ್ಕೊಂಡು ಎದೆ ಎಂಗ್ ತಡೀತದೆ ನಿಮ್ಗೆ?"

"ಬರುತ್ತೆ ಅಂತ ಗೊತ್ತಲ್ಲ." ಆರೋಗ್ಯಮ್ಮ ಮಂಚದ ಕಡೆ ತಿರುಗಿದಳು. "ಪದ್ಮಾ, ಕೈ ಬಿಚ್ಚು. ನಿಮ್ಮತ್ತೆಗೆ ತೋರ್ಸು."

ಪದ್ಮಶ್ರೀ ಬಲಮುಷ್ಟಿ ಬಿಚ್ಚಿದಳು. ಅಂಗೈಯಲ್ಲಿ, ಬೆವರಿಗೆ ಬಣ್ಣ ಮಾಸಿದ ಪುಟ್ಟ ಕೂಸು ನಗುತ್ತ ಮಲಗಿತ್ತು.

ಅದರ ಬೆರಳು ಮುರಿದಿತ್ತಂತೆ. ಅಂಟಿಸಲೆಂದು ಆರೋಗ್ಯಮ್ಮ ಮೊದಲೇ ತೆಗೆದು ಕೈಚೀಲದಲ್ಲಿಟ್ಟುಕೊಂಡಿದ್ದಳು. ಅಷ್ಟರಲ್ಲಿ ಆಂಬುಲೆನ್ಸ್ ಬಂತು, ಚೀಲದ ಜೊತೆ ಕೂಸೂ ಆಸ್ಪತ್ರೆ ಸೇರಿತು. ಮೊದಲ ಸ್ಕ್ಯಾನಿನ ದಿನ ಪದ್ಮಶ್ರೀ ನಡುಗುತ್ತಿದ್ದಾಗ, ಹಿಡಿದುಕೊಳ್ಳಲು ಏನಾದರೂ ಇರಲಿ ಎಂದು ಅವಳ ಕೈಗಿಟ್ಟಳು.

"ಆಮೇಲೆ ನಾನೇ ಬಿಡ್ಲಿಲ್ಲ ಅತ್ತೆ," ಎಂದಳು ಪದ್ಮಶ್ರೀ. "ಸೂಜಿ ಚುಚ್ಚುವಾಗ್ಲೂ ಬಿಡ್ಲಿಲ್ಲ. ನರ್ಸುಗಳೆಲ್ಲ ನಗ್ತಿದ್ರು."

ದ್ರೌಪದಮ್ಮ ಹತ್ತಿಯ ಮೇಲೇ ಕೂತುಬಿಟ್ಟಳು. ತಾನು ಸಜ್ಜೆಯಿಂದ ಮಂಚದ ಕೆಳಗಿನವರೆಗೆ ಹುಡುಕಿಸಿದ ಕೂಸು ಇಷ್ಟು ದಿನವೂ ತನ್ನ ಸೊಸೆಯ ಮುಷ್ಟಿಯಲ್ಲಿತ್ತು. ಎದೆಯಲ್ಲಿದ್ದ ಮುಳ್ಳು ಸಡಿಲವಾದಂತಾಯಿತು. ಏನೋ ಹೇಳಲು ಬಾಯಿ ತೆರೆದಳು, ಸ್ವರ ಬರಲಿಲ್ಲ.

"ನೋಡ್ರಪ್ಪ," ಎಂದ ಮುನಿವೆಂಕಟಯ್ಯ. "ಮದ್ವೆ ಆದಾಗ್ನಿಂದ ನನ್ ಕೈಲಾಗಿರ್ಲಿಲ್ಲ. ಸಿಸ್ಟರಮ್ಮ ಇವ್ಳ್ ಬಾಯಿ ಕಟ್ಬುಟ್ರು!"

ಪದ್ಮಶ್ರೀ ಬಗ್ಗುವಂತಿರಲಿಲ್ಲ. ಬಾಲರಾಜು ತೊಟ್ಟಿಲನ್ನೇ ಅವಳ ಮಡಿಲ ಹತ್ತಿರ ತಂದ. ದ್ರೌಪದಮ್ಮ ಎದ್ದು ಕಲ್ಲನ್ನು ಎತ್ತಿಕೊಂಡಳು, ಪದ್ಮಶ್ರೀ ಆ ಜಾಗದಲ್ಲಿ ಕೂಸನ್ನು ಮಲಗಿಸಿದಳು. ಕಲ್ಲನ್ನು ಸೆರಗಿನಲ್ಲಿ ಮುಚ್ಚಿಕೊಂಡು ಹೊರಟ ದ್ರೌಪದಮ್ಮನನ್ನು ಆರೋಗ್ಯಮ್ಮ ತಡೆದಳು.

"ಎಲ್ಲಿಗೆ ತಗೊಂಡು ಹೋಗ್ತೀರಾ? ಕೊಡಿ ಇಲ್ಲಿ. ಇಷ್ಟ್ ದಿನ ಜಾಗ ಕಾದಿದ್ದು ಅದು." ಬಟ್ಟೆ ಬಿಚ್ಚದೆ, ಜೋಸೆಫಪ್ಪನ ಕಾಲ ಬಳಿ ಅದನ್ನು ಇಟ್ಟಳು. "ಜನವರೀಲಿ ಗೋದಲಿ ತೆಗೀತೀನಿ, ಇದನ್ನ ತೆಗೆಯಲ್ಲ. ಪದ್ಮಾ ಹೆರೋ ತನಕ ಇಲ್ಲೇ ಇರ್ಲಿ. ಆಮೇಲೆ ನಿಮ್ಮ ತೊಟ್ಟಿಲಿಗೆ ಬೇಕಾಗುತ್ತಲ್ಲ."

ಇನ್ನೂ ಎರಡು ತಿಂಗಳು ಕಾಯಬೇಕಿತ್ತು. ಅದು ಅಲ್ಲಿದ್ದ ಎಲ್ಲರಿಗೂ ಗೊತ್ತಿತ್ತು, ಯಾರೂ ಬಾಯಿಬಿಟ್ಟು ಹೇಳಲಿಲ್ಲ. ದ್ರೌಪದಮ್ಮ ಕೂಡ ಹೇಳಲಿಲ್ಲ. ಆರೋಗ್ಯಮ್ಮನ ಕೈಯನ್ನು ತನ್ನ ಎರಡು ಕೈಗಳಲ್ಲಿ ಹಿಡಿದುಕೊಂಡಳು. ಆಮೇಲೆ ಮೂಗು ಸೀಟಿ, ಸೆರಗು ಸಿಕ್ಕಿಸಿಕೊಂಡಳು.

"ಮುಂದಿನ್ ವರ್ಸ ಬಟ್ಲು ತಗಂಡ್ ಮ್ಯಾಕ್ ಬರ್ಬ್ಯಾಡ್ರಿ. ರಾಗಿ ನಾನೇ ತಂದ್ ಚೆಲ್ತೀನಿ."

"ಗೊಬ್ಬ್ರ ಬೇಡ ಓನರಮ್ಮ."

"ಆಕ್ತೀನಿ. ನಿಮ್ ಕುರಿ ಒಂದಿನಾನಾದ್ರೂ ಒಟ್ಟೆ ತುಂಬಾ ಮೇಯ್ಲಿ."