ಮೆಣಸಿನ ರಾಣಿಗಾಗಿ ಒಂದು ದಿನ

ಮುಟ್ಟಳ್ಳಿಯ ಅನಂತಮೂರ್ತಿ ಹೆಗಡೆಯವರ ಸೊಸೆ ವಸಂತಿಗೆ ತಿಂಗಳಲ್ಲಿ ಇಪ್ಪತ್ತೇಳು ದಿನ ದುಡಿಮೆ, ಮೂರು ದಿನ ರಾಜ್ಯಭಾರ. ಹೊರಗೆ ಕೂತಾಗ ಒಲೆಯಿಲ್ಲ, ಕೊಟ್ಟಿಗೆಯಿಲ್ಲ. ಹಿತ್ತಿಲ ಜಗಲಿಯಲ್ಲಿ ಒಂದು ಚಾಪೆ, ಒಂದು ತಂಬಿಗೆ, ಒಂದು ಪುಸ್ತಕ. ಆ ಮೂರು ದಿನ ಯಾವಾಗ ಮುಗಿಯುತ್ತದೋ ಎಂದು ಊರ ಹೆಂಗಸರು ಕಾದರೆ, ಇವಳು ಯಾವಾಗ ಬರುತ್ತದೋ ಎಂದು ಕಾಯುವವಳು.

ಅರವತ್ತೊಂದರ ಫೆಬ್ರವರಿಯಲ್ಲಿ ಅವಳಿಗೆ ಸಿಕ್ಕಿದ್ದು ಅಂತಿಂಥ ಪುಸ್ತಕವಲ್ಲ, ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಕಾದಂಬರಿ. ಭಟ್ಕಳದಲ್ಲಿ ಮಾಸ್ತರನಾಗಿದ್ದ ಗಂಡ ಶಾಂತಾರಾಮ ಅದನ್ನು ಊರೂರು ತಿರುಗುವ ವಾಚನಾಲಯದ ಪೆಟ್ಟಿಗೆಯಿಂದ ತಂದಿದ್ದ. ಭಾನುವಾರ ಮೊದಲ ಬಸ್ಸಿಗೆ ಆ ಪೆಟ್ಟಿಗೆ ಹೊನ್ನಾವರಕ್ಕೆ, ಅಲ್ಲಿಂದ ಕುಮಟೆಗೆ. ಮತ್ತೆ ಭಟ್ಕಳಕ್ಕೆ ಬರುವುದು ಮುಂದಿನ ವರ್ಷ.

ಗುರುವಾರ ಅತ್ತೆ ಮಾದೇವಿ ಕಣ್ಣು ಕೆಂಪಗೆ ಮಾಡಿದ್ದಳು. "ಹೊರಗೆ ಕೂತವು ಪುಸ್ತಕ ಮುಟ್ಟಲಾಗ. ಅದ್ರಲ್ಲಿ ದೇವರ ಹೆಸರು ಇದ್ದಾ?"

"ಇಲ್ಲೆ ಅತ್ತೆ. ಬರೀ ಮೆಣಸಿನಕಾಳಿನ ಕತೆ."

"ಮೆಣಸಿನಕಾಳಿನ ಕತೆ ಎಂತ ಇರ್ತು?"

ಅಷ್ಟೇ ಸಾಕಾಯಿತು. ಓದು ಬಾರದ ಮಾದೇವಿ ಶುಕ್ರವಾರ ಮೆಣಸಿನ ಮೊರ ಹಿಡಿದು ಮೂರು ಮಾರು ದೂರದಲ್ಲಿ ಕೂತಳು. ವಸಂತಿ ಗಟ್ಟಿಯಾಗಿ ಓದಿದಳು. ತಾವು ಕೊಯ್ದು ಒಣಗಿಸುವ ಈ ಕರೀ ಕಾಳಿಗಾಗಿ ಪರಂಗಿಯವರು ಸಮುದ್ರ ದಾಟಿ ಬಂದದ್ದು, ಅವರೆದುರು ಒಬ್ಬ ಹೆಂಗಸು ಸೆಟೆದು ನಿಂತದ್ದು, ಅದೂ ತಮ್ಮ ಭಟ್ಕಳದ ಬಂದರಿನಲ್ಲಿ! ಅತ್ತೆಯ ಕೈಯ ಮೊರ ಯಾವಾಗಲೋ ನಿಂತುಹೋಗಿತ್ತು. ಸಂಜೆಗೆ ಅರವತ್ತು ಪುಟ ಬಾಕಿ. ರಾಣಿ ವೈರಿಗಳ ನಡುವೆ ಸಿಕ್ಕಿಬಿದ್ದಿದ್ದಳು.

ಶನಿವಾರ ನಾಲ್ಕನೆಯ ದಿನ. ಸ್ನಾನ ಮುಗಿಸಿ ಒಳಗೆ ಹೋದರೆ ರಾಶಿ ಕೆಲಸ, ಪುಸ್ತಕ ಬಿಚ್ಚಲೂ ಪುರಸೊತ್ತಿಲ್ಲ. ವಸಂತಿಗೆ ಅಳು ಬರುವಂತಾಯಿತು. ಬೆಳಿಗ್ಗೆ ಭಾರದ ಹೆಜ್ಜೆ ಹಾಕುತ್ತ ಬಚ್ಚಲಿಗೆ ಹೊರಟರೆ ಅತ್ತೆ ಅಡ್ಡ ನಿಂತಿದ್ದಳು.

"ಎಲ್ಲಿಗೆ ಹೊರಟೆ?"

"ಮೀವಲೆ. ನಾಲ್ಕನೇ ದಿನ ಅಲ್ದಾ?"

"ಅಲ್ಲ. ಇವತ್ತು ಮೂರು."

ಒಳಜಗಲಿಯಲ್ಲಿದ್ದ ಅನಂತಮೂರ್ತಿಗಳು ಪಂಚಾಂಗದಿಂದ ತಲೆ ಎತ್ತಿದರು. ಮಡಿ ಮೈಲಿಗೆಯ ವಿಷಯದಲ್ಲಿ ಅವರದು ಕೂದಲು ಸೀಳುವ ಬುದ್ಧಿ. "ಬುಧವಾರ ರಾತ್ರಿ ಹೊರಗಾದ್ದಲ್ದನೇ? ಬುಧ, ಗುರು, ಶುಕ್ರ. ಮೂರು ಆತು."

"ರಾತ್ರಿ ಹೌದು. ಆದರೆ ಕಡೇ ಜಾವ," ಎಂದಳು ಮಾದೇವಿ, ರೆಪ್ಪೆ ಹೊಡೆಯದೆ. "ಕಡೇ ಜಾವದ್ದು ಮರುದಿನದ ಲೆಕ್ಕ ಹೇಳಿ ನಿಂಗವೇ ಹೇಳಿದ್ದು. ಗುರು, ಶುಕ್ರ, ಶನಿ."

ಶಾಸ್ತ್ರವನ್ನೇ ಮುಂದೊಡ್ಡಿದರೆ ಶಾಸ್ತ್ರಿಗಳು ಎಂತ ಹೇಳಿಯಾರು? ಯಾವ ಜಾವವೆಂದು ಹೋಗಿ ನೋಡಿದವರಲ್ಲ. ಪಾಪ, ಪಂಚಾಂಗದೊಳಗೆ ಮತ್ತೆ ಮುಖ ಹುದುಗಿಸಿದರು. ಹೊತ್ತು ಕಂತುವಾಗಲೇ ಹೊರಗಾಗಿದ್ದ ವಸಂತಿ ನಗು ತಡೆಯಲು ಸೆರಗು ಕಚ್ಚಿಕೊಂಡಳು. ಇಂಥ ಅತ್ತೆಯ ಕಾಲಿಗೆ ಬಿದ್ದು ನಮಸ್ಕರಿಸೋಣವೆಂದರೆ ಮುಟ್ಟುವಂತಿಲ್ಲ!

ಅಂದು ಮನೆಯಲ್ಲಿ ಬರೀ ಅನ್ನ, ತಂಬುಳಿ. ಊಟವಾದದ್ದೇ ಓದು ಶುರು. ಕೋಟೆಗೆ ಮುತ್ತಿಗೆ ಬಿತ್ತು. ನಂಬಿದವರು ಕೈಬಿಟ್ಟರು. ಬಾಗಿಲು ಮುರಿಯುವ ಸದ್ದಿಗೆ ರಾಣಿ ಕತ್ತಿ ಹಿಡಿದು ಎದ್ದು ನಿಂತಳು. ಅಷ್ಟರಲ್ಲಿ ಯಾರೋ ತನ್ನ ತೋಳನ್ನು ಬಿಗಿಯಾಗಿ ಹಿಡಿದಂತಾಗಿ ವಸಂತಿ ತಿರುಗಿದರೆ, ಮೂರು ಮಾರು ದೂರ ಕೂತಿದ್ದ ಅತ್ತೆ ತೆವಳುತ್ತ ತೆವಳುತ್ತ ಚಾಪೆಯ ಮೇಲೇ ಬಂದಿದ್ದಳು.

"ಅತ್ತೆ, ಮುಟ್ಟಿದ್ದಿ!"

ಮಾದೇವಿ ತನ್ನ ಕೈ ನೋಡಿಕೊಂಡಳು. ಮೂವತ್ತು ವರ್ಷದ ಮಡಿ ಅದು. ಆದರೂ ಕೈ ತೆಗೆಯಲಿಲ್ಲ.

ಒಳಗಿನಿಂದ ಅನಂತಮೂರ್ತಿಗಳ ದನಿ ಬಂತು. "ಇವಳೇ, ಕಷಾಯ ಇಲ್ಯನೇ?"

"ಒಲೆ ಮುಟ್ಟುವವು ಮನೇಲಿ ಈಗ ಯಾರೂ ಇಲ್ಲೆ," ಎಂದು ಮಾದೇವಿ ಕೂಗಿದಳು. "ನಿಂಗವೇ ಮಾಡ್ಕಳಿ!"

ಮತ್ತೆ ಸೊಸೆಯ ಕಡೆ ತಿರುಗಿ, ಉಸಿರು ಬಿಗಿಹಿಡಿದು ಹೇಳಿದಳು: "ನಿಲ್ಸಡ ತಂಗಿ, ಓದು. ಬಾಗಿಲು ಮುರಿತಾ ಇದ್ದು."