ಉಳವಿಯಲ್ಲಿ ತುಂಬಿದ ಉಡಿ

ಕಾರಿನ ಬಾಡಿಗೆ ದಿನಕ್ಕೆ ಎರಡೂವರೆ ಸಾವಿರ, ಡೀಸೆಲ್ ಬೇರೆ. ಡ್ರೈವರನ ಊಟ ನೂರಾ ಇಪ್ಪತ್ತು. ಕುಳಗಿಯ ಕಾಡಿನ ಗೇಟಿನಲ್ಲಿ ತಲೆಗಿಷ್ಟು ಎಂದು ಚೀಟಿ. ಹಿಂದಿನ ಸೀಟಿನಲ್ಲಿ ಕುಳಿತ ಮುದಕವ್ವ ಮನಸ್ಸಿನಲ್ಲೇ ಕೂಡಿಸುತ್ತಿದ್ದಳು. ದಾಂಡೇಲಿಯಲ್ಲಿ ಮಿಲ್ಲಿನ ಕೂಲಿಗಳಿಗೆ ಇಪ್ಪತ್ತು ವರ್ಷ ರೊಟ್ಟಿ ಬಡಿದು ಮಾರಿದವಳು, ಲೆಕ್ಕ ತಪ್ಪುವವಳಲ್ಲ. ಆದರೆ ಒಂದು ರೂಪಾಯಿ ಚಿಲ್ಲರೆಗೆ ಕಂಡಕ್ಟರನ ಬೆನ್ನು ಬಿಡದ ತಮ್ಮ ಸುಭಾಸ, ಅಕ್ಕನಿಗೆ ಊರು ತೋರಿಸಲು ಇಷ್ಟು ದುಡ್ಡು ಬಿಚ್ಚಿದ್ದು ಮಾತ್ರ ಅವಳ ಲೆಕ್ಕಕ್ಕೆ ಸಿಗಲಿಲ್ಲ. ಅಪ್ಪ ಸತ್ತ ಮೂರು ವರ್ಷದಲ್ಲಿ ಅವನು ಒಂದು ಹಬ್ಬಕ್ಕೂ ಕರೆದಿರಲಿಲ್ಲ.

"ಅಕ್ಕಾರ, ಮೂವತ್ತು ವರ್ಷ ದಾಂಡೇಲ್ಯಾಗ ಇದ್ದೂ ಕುಳಗಿ ನೋಡಿಲ್ಲಂದ್ರ ಹೆಂಗ್ರಿ?" ಎಂದ ಡ್ರೈವರ್ ಅಬ್ದುಲ್ ರಜಾಕ.

"ನಾ ನೋಡಾಕ ಹೋದ್ರ ರೊಟ್ಟಿ ಯಾರು ಬಡೀತಿದ್ರು, ನೀನೇನು? ನೀ ನೋಡಿಯೇನು?"

"ಸಾವಿರ ಸಲ ಬಂದೇನ್ರಿ. ಗೇಟಿನ ಹೊರಗ ಗಾಡ್ಯಾಗ ಮಲ್ಕೊಂಡೇನಿ."

ಮುಂದೆ ಕುಳಿತ ಸುಭಾಸ ನಗಲಿಲ್ಲ. ಮೊಬೈಲಿನಲ್ಲಿ ಯಾರಿಗೋ "ನಾಳೆ ಹನ್ನೊಂದಕ್ಕ" ಎನ್ನುತ್ತಿದ್ದ.

ಕುಳಗಿಯಲ್ಲಿ ಒಂದು ಜಿಂಕೆ ಕಂಡಿತು. ಮಧ್ಯಾಹ್ನ ಜೋಯಿಡಾದ ಕಾಡು ಹಾಯ್ದು ಉಳವಿ ಮುಟ್ಟಿದರು. ಚನ್ನಬಸವಣ್ಣನ ಗುಡಿಯಲ್ಲಿ ಕೈಮುಗಿದು ಹೊರಬಂದಾಗ ಸುಭಾಸ ಚೀಲದಿಂದ ಹಸಿರು ಖಣ, ಕೊಬ್ಬರಿ ಬಟ್ಟಲು, ಉತ್ತತ್ತಿ, ಅಕ್ಕಿ ತೆಗೆದ.

"ಸೆರಗ ಒಡ್ಡಕ್ಕಾ."

ಮುದಕವ್ವ ಹಿಂದೆ ಸರಿದಳು. ಗಂಡ ತೀರಿ ಒಂಬತ್ತು ವರ್ಷ. ಯಾರ ಮನೆಯಲ್ಲಾದರೂ ಉಡಿ ತುಂಬುವ ಹೊತ್ತಾದರೆ ತಾನಾಗಿಯೇ ಎದ್ದು ಅಡುಗೆಮನೆ ಸೇರುವುದು ಅವಳಿಗೆ ರೂಢಿಯಾಗಿತ್ತು.

"ನನಗ್ಯಾಕೋ ಉಡಿ?"

"ಶರಣರ ಜಾಗ ಇದು. ಮುತ್ತೈದಿ, ಗಂಡ ಸತ್ತಾಕಿ ಅಂತ ಇಲ್ಲಿ ಭೇದ ಇಲ್ಲ. ತವರಿನ ಉಡಿ, ಒಡ್ಡು."

ಅವಳು ಸೆರಗು ಒಡ್ಡಿದಳು. ಐದು ಬೊಗಸೆ ಅಕ್ಕಿ ಬಿತ್ತು. ಕಣ್ಣು ತುಂಬಿ ಮುಂದಿನದು ಕಾಣಲಿಲ್ಲ.

"ರಜಾಕಭಾಯ್, ಒಂದು ಫೋಟೊ ಹೊಡೀರಿ. ಅಕ್ಕಿ ಬೀಳೂದು ಕಾಣಬೇಕು," ಎಂದ ಸುಭಾಸ.

ಆ ರಾತ್ರಿ ಉಳವಿಯ ಛತ್ರದಲ್ಲಿ ಅವಳು ಖಣದಲ್ಲಿ ಕಟ್ಟಿದ ಉಡಿಯನ್ನು ತಲೆದಿಂಬಿನ ಪಕ್ಕದಲ್ಲೇ ಇಟ್ಟುಕೊಂಡು ಮಲಗಿದಳು.

ಮರುದಿನ ಹಳಿಯಾಳದ ಕೋಟೆ. ಕೋಟೆ ಎಂದರೆ ಈಗ ಕಲ್ಲಿನ ಗೋಡೆ, ಗಿಡಗಂಟಿ. ಸುಭಾಸ ಗಡಿಯಾರ ನೋಡಿದ.

"ಇಲ್ಲೇ ಸಬ್‌ರಜಿಸ್ಟ್ರಾರ್ ಆಫೀಸಿನ್ಯಾಗ ನಿನ್ನದೊಂದು ಸಹಿ ಐತಿ. ಎರಡು ನಿಮಿಷದ ಕೆಲಸ. ಆಮ್ಯಾಲೆ ಅತ್ತಿವೇರಿ ಹಕ್ಕಿ ನೋಡಾಕ ಹೋಗೂಣು."

ಆಫೀಸಿನ ಹೊರಗೆ ಬೇವಿನ ಗಿಡದ ಕೆಳಗೆ ಕಾಗದ ಬರೆಯುವ ಅಡಿವೆಯ್ಯ ಕುಳಿತಿದ್ದ. ಪೆನ್ನು ಚಾಚಿದ. ಮುದಕವ್ವನಿಗೆ ಹೆಸರು ಬರೆಯಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಆದರೆ ಅವಳ ಓಣಿಯ ಹೆಣ್ಣುಮಕ್ಕಳ ಸಂಘದಲ್ಲಿ ಒಂದು ನೇಮವಿತ್ತು: ಕಿವಿಗೆ ಬೀಳದ ಕಾಗದಕ್ಕೆ ಕೈ ಹಚ್ಚಬಾರದು.

"ಓದಿ ಹೇಳ್ರಿ," ಎಂದಳು.

"ಅದೇನು ಓದೂದಕ್ಕಾ," ಎಂದ ಸುಭಾಸ. ಅಷ್ಟರಲ್ಲಿ ಅಡಿವೆಯ್ಯ ಕನ್ನಡಕ ಏರಿಸಿ ಶುರು ಮಾಡಿಬಿಟ್ಟಿದ್ದ.

"...ತವರುಮನೆಯ ಅರಿಶಿಣ-ಕುಂಕುಮ ಹಾಗೂ ಉಡಿಯನ್ನು ಸಂತೋಷದಿಂದ ಸ್ವೀಕರಿಸಿ, ತಂದೆಯ ಎರಡು ಎಕರೆ ಜಮೀನಿನಲ್ಲಿ ನನ್ನ ಪಾಲಿನ ಒಂದು ಎಕರೆಯ ಹಕ್ಕನ್ನು ತಮ್ಮನಿಗೆ ಬಿಟ್ಟುಕೊಟ್ಟಿರುತ್ತೇನೆ."

"ಉಡಿ ಕೊಟ್ಟಿದ್ದಕ್ಕ ಫೋಟೊ ಸೈತ ಐತ್ರಿ," ಎಂದು ಸುಭಾಸ ಮೊಬೈಲು ತೆಗೆದ.

"ಇದನ್ನ ಯಾವತ್ತು ಬರದ್ರಿ?" ಮುದಕವ್ವ ಅಡಿವೆಯ್ಯನನ್ನೇ ಕೇಳಿದಳು.

"ಅಮಾಸಿ ಮುಂದ. ಹದಿನೈದು ದಿನ ಆಗಿರಬೇಕು."

"ನನ್ನ ಉಡಿ ತುಂಬಿದ್ದು ನಿನ್ನಿ."

"ಹೆಣ್ಮಕ್ಕಳ ಕಾಗದ ಎಲ್ಲಾ ಹಿಂಗ ಇರತಾವ ತಂಗಿ. ನಾ ಹೆಸರಷ್ಟೇ ಬದಲ ಮಾಡ್ತೇನಿ."

ಮುದಕವ್ವ ಕಾರಿಗೆ ಹೋಗಿ ಖಣದ ಗಂಟು ತಂದು ಸುಭಾಸನ ಮುಂದೆ ಇಟ್ಟಳು. ಗಂಟು ಸಡಿಲವಾಗಿ ನಾಲ್ಕು ಕಾಳು ಅಕ್ಕಿ ಕಾಗದದ ಮೇಲೆ ಉದುರಿದವು.

"ತಗೋ. ಒಂದು ಕಾಳೂ ತಿಂದಿಲ್ಲ."

"ಅಕ್ಕಾ, ಹೊಲದ ಗಿರಾಕಿ ಮುಂಗಡ ಕೊಟ್ಟಾನ. ನನ್ನ ಮಾತು ಹೋಗತೈತಿ."

"ಬಾಯಿ ಬಿಟ್ಟು ಕೇಳಿದ್ರ ಕೊಡ್ತಿದ್ನೆಲ್ಲೋ. ನನಗ ಎಕರೆ ತಗೊಂಡು ಏನು ಮಾಡೂದಿತ್ತು? ಉಡಿಗೆ ಯಾಕ ಕೈ ಹಾಕಿದಿ?"

ಸುಭಾಸ ಕಾಗದದ ಮೇಲಿನ ಅಕ್ಕಿ ಒರೆಸಿದ.

"ಹಂಗಾರ ನನ್ನ ಬಾಗಲಕ ಬರಬ್ಯಾಡ," ಎಂದ. ಗಂಟನ್ನು ಚೀಲಕ್ಕೆ ಹಾಕಿಕೊಂಡು ಬಸ್‌ಸ್ಟ್ಯಾಂಡಿನ ಕಡೆ ನಡೆದ. ಕೊಬ್ಬರಿಯನ್ನೂ ಬಿಡಲಿಲ್ಲ.

ಕಾರಿನಲ್ಲಿ ಅಬ್ದುಲ್ ರಜಾಕ ಕೀಲಿಗೆ ಕೈ ಹಚ್ಚಿ ಹಿಂದೆ ತಿರುಗಿದ.

"ಸಂಜೀತನಕ ಬಾಡಿಗಿ ಮೊದಲ ಕೊಟ್ಟಾರ್ರಿ. ಅತ್ತಿವೇರಿಗೆ ಹೋಗೂಣೇನು?"

"ಬ್ಯಾಡ. ದಾಂಡೇಲಿಗೆ ಹೊಡಿ. ನಾಳೆ ರೊಟ್ಟಿಗೆ ಹಿಟ್ಟಿಲ್ಲ."

ಎರಡು ದಿನದ ತಿರುಗಾಟದಲ್ಲಿ ಮುದಕವ್ವನಿಗೆ ಒಂದು ಎಕರೆ ಉಳಿಯಿತು. ತವರುಮನೆ ಹೋಯಿತು.